ಜೋಡಿಗೊಬ್ಬರನ್ನ ಕರ್ಕೊಂಡ ಬರ್ರಿ

ವಿಜಯಪುರದ ಜೋರಾಪುರ ಪೇಟೆಯಲ್ಲಿ ಗಾದಿ ಹೊಲಿಯುವ ಯುನುಸ ನದಾಫನಿಗೆ ಬಹಳ ವರ್ಷದ ಕೆಮ್ಮು. ಸಣ್ಣ ವಯಸ್ಸಿಗೇ ಅಪ್ಪ ಬುಡ್ಡೇಸಾಬನ ಪಕ್ಕ ಅರಳೆ ಹಿಂಜಲು ಕೂತವನು. ಮೂಗಿಗೆ ವಸ್ತ್ರ ಕಟ್ಟಿಕೊಂಡರೂ ಅರಳೆಯ ದೂಳು ಗಂಟಲಿಗೆ ಇಳಿಯುವುದು ಎಂದೂ ತಪ್ಪಿರಲಿಲ್ಲ. ಆದ್ದರಿಂದ ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕೆಮ್ಮು ಜೋರಾದಾಗ ಅವನು ತಲೆಕೆಡಿಸಿಕೊಳ್ಳಲಿಲ್ಲ. ಸಂಜೆಯಾದರೆ ಮೈ ಬಿಸಿಯೇರುತ್ತಿತ್ತು. ಹೆಗಲ ಮೇಲಿನ ಅಂಗಿ ಯಾರದೋ ಅಂಗಿಯಂತೆ ಜೋತುಬೀಳತೊಡಗಿತು. ಮನೆಯಲ್ಲಿ ಮತ್ತೊಬ್ಬರು ಇದ್ದಿದ್ದರೆ ಅವರ ಕಣ್ಣಿಗೆ ಬೀಳುತ್ತಿತ್ತೋ ಏನೋ. ಮನೆಯಲ್ಲಿ ಯಾರೂ ಇರಲಿಲ್ಲ.

ಮದುವೆಯಾಗಿತ್ತು. ಹೆಂಡತಿ ಸುರೈಯಾ ಬಬಲೇಶ್ವರದವಳು. ಮದುವೆಯಾದ ಹೊಸದರಲ್ಲಿ ಊರಲ್ಲಿ ಕೆಲಸ ಕಡಿಮೆಯಾಗಿ ಯುನುಸ ಮೀರಜದ ಒಂದು ದೊಡ್ಡ ಗಾದಿ ಅಂಗಡಿಗೆ ದುಡಿಯಲು ಹೋದ. ಎರಡು ಮೂರು ತಿಂಗಳಿಗೊಮ್ಮೆ ಊರಿಗೆ ಬರುವುದು, ನಾಲ್ಕು ದಿನ ಇದ್ದು ಹೋಗುವುದು. ಮೀರಜದಲ್ಲಿ ಜೊತೆಯ ಕೆಲಸಗಾರರು ಹೋಗುತ್ತಿದ್ದ ಕಡೆ ಅವನೂ ಹೋದದ್ದುಂಟು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ತನಗೆ ತಾನೂ ಹೆಚ್ಚು ಹೇಳಿಕೊಳ್ಳಲಿಲ್ಲ. ಮಕ್ಕಳಾಗಲಿಲ್ಲ. ಅವನು ಮೀರಜ ಬಿಟ್ಟು ಬಂದ ಮರುವರ್ಷ ಸುರೈಯಾಳ ತಾಯಿ ಹಾಸಿಗೆ ಹಿಡಿದಳು. ನೋಡಿಕೊಳ್ಳಲು ಹೋದ ಸುರೈಯಾ, ತಾಯಿ ತೀರಿದ ಮೇಲೂ ತಿರುಗಿ ಬರಲಿಲ್ಲ. ಜಗಳವಾಗಿರಲಿಲ್ಲ, ತಲಾಖೂ ಆಗಿರಲಿಲ್ಲ. ಅವನು ಎರಡು ಸಲ ಕರೆಯಲು ಹೋದ. ಇವತ್ತು, ನಾಳೆ ಅಂದಳು. ಮತ್ತೆ ಅವನು ಹೋಗಲಿಲ್ಲ. ಅವಳು ಬಬಲೇಶ್ವರದಲ್ಲೇ ಮನೆಮನೆಗೆ ಹೋಗಿ ಹೆಂಗಸರ ಕೈಗೆ ಬಳೆ ಇಡಿಸಿ ಬದುಕುತ್ತಾಳೆಂದು ಕೇಳಿದ್ದ. ಹೀಗೆ ಎಂಟೊಂಬತ್ತು ವರ್ಷ ಕಳೆದಿತ್ತು.

ಒಂದು ದಿನ ಕೆಮ್ಮಿದಾಗ ಬಾಯಿಗೆ ಹಿಡಿದ ವಸ್ತ್ರದ ಮೇಲೆ ರಕ್ತ ಕಂಡಿತು. ಆಗ ಸರಕಾರಿ ದವಾಖಾನೆಗೆ ಹೋದ. ಕಫ ನೋಡಿ ಟಿ.ಬಿ. ಎಂದರು. ಟಿ.ಬಿ. ಬಂದವರೆಲ್ಲರಿಗೂ ಇನ್ನೊಂದು ರಕ್ತಪರೀಕ್ಷೆ ಮಾಡುವುದು ರೂಢಿ ಎಂದು ಅದನ್ನೂ ಮಾಡಿದರು. ಟಿ.ಬಿ. ಔಷಧ ಶುರುವಾಯಿತು. ಆಮೇಲೆ ಅವನನ್ನು ಬೇರೊಂದು ಕೋಣೆಗೆ ಕಳಿಸಿದರು. ಅಲ್ಲಿ ವಿದ್ಯಾವತಿ ಎಂಬ ಆಪ್ತಸಮಾಲೋಚಕಿ ಕೂತಿದ್ದರು. ಬಾಗಿಲು ಮುಂದೆ ಮಾಡಿ, ಎದುರಿನ ಕುರ್ಚಿ ತೋರಿಸಿ, ಅವನಿಗೆ ಎಚ್.ಐ.ವಿ. ಇರುವುದನ್ನು ಒಂದೇ ಸಲ, ಮೆಲ್ಲನೆ ಹೇಳಿದರು.

ಯುನುಸ ಕೇಳಿದ: "ಇನ್ನ ಎಷ್ಟ ದಿನ ಅದಾವ್ರಿ ಮೇಡಂ ನನಗ?"

"ದಿನ ಎಣಿಸೂ ರೋಗ ಅಲ್ರಿ ಈಗ ಇದು. ಬಿ.ಪಿ., ಶುಗರ್ ಇದ್ದವರು ದಿನಾ ಗುಳಿಗಿ ತಗೊಂಡು ಬಾಳೇವು ಮಾಡ್ತಾರಲ್ಲ, ಹಂಗ. ಗುಳಿಗಿ ಮಾತ್ರ ಕಡೀತನಕ ತಗೋಬೇಕಾಗ್ತದ. ಮೊದಲ ಟಿ.ಬಿ. ಔಷಧ ಮೈಗೆ ಹೊಂದಲಿ, ಆಮ್ಯಾಲ ಇದನ್ನ ಸುರು ಮಾಡೂಣು."

"ಹೂಂನ್ರಿ."

"ಸುರು ಮಾಡೂಕಿಂತ ಮುಂಚೆ ಒಂದ ಸಲ ಕೂತು ಎಲ್ಲಾ ಬಿಡಿಸಿ ಹೇಳ್ತೀನಿ. ಬರೂ ಮುಂದ ಜೋಡಿಗೊಬ್ಬರನ್ನ ಕರ್ಕೊಂಡ ಬರ್ರಿ. ನಿಮಗ ನಂಬಿಗಿ ಇರೋವ್ರು, ಗುಳಿಗಿ ನೆನಪ ಮಾಡಿಕೊಡೋವ್ರು. ಮನ್ಯಾಗ ಯಾರದಾರ್ರಿ?"

"ಹೆಂಡ್ತಿ... ತವರ ಮನ್ಯಾಗ ಅದಾಳ್ರಿ."

"ಅವರದೂ ಒಂದ ಸಲ ರಕ್ತ ನೋಡಬೇಕಾಗ್ತದ್ರಿ. ನೀವ ಹೇಳಿದ್ರ ಚಲೋ."

ಅವರು ಇನ್ನೂ ಏನೇನೋ ಹೇಳಿದರು. ಯುನುಸ ತಲೆಯಾಡಿಸುತ್ತಿದ್ದ, ಆದರೆ ಕಿವಿಯಲ್ಲಿ ನಿಂತದ್ದು ಜೋಡಿಗೊಬ್ಬರು ಎಂಬ ಮಾತೊಂದೇ. ಹೊರಗೆ ಬಂದು ದವಾಖಾನೆಯ ಕಾಂಪೌಂಡಿಗೆ ಒರಗಿ ನಿಂತಾಗ ಅವನಿಗೆ ಸಾವಿನ ಹೆದರಿಕೆಗಿಂತ ದೊಡ್ಡದಾಗಿ ಕಂಡದ್ದು ಆ ಒಬ್ಬರು ಯಾರು ಎಂಬುದು. ಕರೆದುಕೊಂಡು ಹೋಗದಿದ್ದರೆ ಔಷಧವಿಲ್ಲ ಎಂದೇ ಅವನು ತಿಳಿದಿದ್ದ.

ಮನೆಗೆ ಬರುವಷ್ಟರಲ್ಲಿ ಗುರುತಿನವರನ್ನೆಲ್ಲ ಮನಸ್ಸಿನಲ್ಲಿ ಒಂದು ಸುತ್ತು ಹಾಕಿದ. ಮಸೀದಿಯಲ್ಲಿ ಪಕ್ಕದಲ್ಲಿ ನಿಲ್ಲುವವರಿದ್ದರು, ಸಲಾಮಿನ ಆಚೆಗೆ ಮಾತಿರಲಿಲ್ಲ. ಚಹಾದ ಅಂಗಡಿಯಲ್ಲಿ ಗೆಳೆಯರಿದ್ದರು; ಅವರಲ್ಲಿ ಒಬ್ಬನಿಗೆ ಹೇಳಿದ್ದು ಮಗ್ಗುಲ ಓಣಿ ಮುಟ್ಟಲು ಒಂದು ಕಪ್ಪು ಚಹಾ ಕುಡಿಯುವಷ್ಟು ಹೊತ್ತೂ ಬೇಕಿರಲಿಲ್ಲ. ಇಷ್ಟು ವರ್ಷ ಎಷ್ಟು ಮನೆಗಳ ಮಾಳಿಗೆಯ ಮೇಲೆ ಕೂತು ಎಷ್ಟು ಜೋಡಿಗಳಿಗೆ ಗಾದಿ ಹೊಲಿದುಕೊಟ್ಟಿದ್ದ! ಆ ಮನೆಗಳಲ್ಲಿ ಅವನಿಗೆ ಊಟ ಹಾಕಿದ್ದರು, ಹಬ್ಬಕ್ಕೆ ಕರೆದಿದ್ದರು. ಈಗ ಯಾವ ಬಾಗಿಲು ಬಡಿಯುವುದು?

ಉಳಿದವಳು ಅಕ್ಕ ಮಕ್ತುಮಬಿ. ಟಿಕೋಟಾದಲ್ಲಿ ಅವಳ ಮನೆ. ಅವ್ವ ಬೇಗ ತೀರಿಕೊಂಡಿದ್ದರಿಂದ ಅವನನ್ನು ಎತ್ತಿ ಆಡಿಸಿದವಳು ಅವಳೇ. ಶುಕ್ರವಾರದ ನಮಾಜು ಮುಗಿಸಿ ಟಿಕೋಟಾ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯೊಳಗೇ ಜೋಡಿಸಿಕೊಂಡ. ದ್ರಾಕ್ಷಿ ತೋಟಗಳು ಕಾಣಿಸಿದಾಗ ಅದು ಸರಿಯೆನಿಸಿತು, ಊರು ಹತ್ತಿರವಾದಾಗ ಮತ್ತೆ ತಪ್ಪೆನಿಸಿತು.

ಟಿ.ಬಿ. ಸುದ್ದಿ ಅವಳಿಗೆ ಫೋನಿನಲ್ಲಿ ಗೊತ್ತಾಗಿತ್ತು. ಬಾಗಿಲಲ್ಲೇ ಅವನನ್ನು ನೋಡಿ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು.

"ಎಷ್ಟ ಸೊರಗಿಯೋ ತಮ್ಮಾ! ಒಳಗ ಬಾ, ಕೂಡು."

ಕೂರಿಸಿದ್ದು ಪಡಸಾಲೆಯ ಬಾಗಿಲ ಹತ್ತಿರ, ಗಾಳಿ ಆಡುವ ಜಾಗದಲ್ಲಿ. ಊಟಕ್ಕೆ ಬಡಿಸಿದ ತಾಟು ಹೊಸದು. ಅಂಟಿಸಿದ್ದ ಚೀಟಿಯ ಗುರುತು ಇನ್ನೂ ಹೋಗಿರಲಿಲ್ಲ. ಒಳಗಿನಿಂದ ಸೊಸೆ ಜೀನತ ತನ್ನ ಕೂಸಿಗೆ ಗದರಿಸುವುದು ಕೇಳಿಸಿತು: "ಆ ಕಡೆ ಹೋಗಬ್ಯಾಡ ಅಂದ್ರ ತಿಳಿಯಂಗಿಲ್ಲ?" ಮಕ್ತುಮಬಿಯ ಮುಖ ಸಣ್ಣದಾಯಿತು.

"ಸಿಟ್ಟಾಗಬ್ಯಾಡೋ. ಹುಡುಗರಿರೂ ಮನಿ ನೋಡು. ಸ್ವಲ್ಪ ದಿನ ಅಷ್ಟ."

"ಸಿಟ್ಟ್ಯಾಕ ಆಪಾ? ಬರೋಬರಿ ಮಾಡಾಕತ್ತೀರಿ."

ಅವನು ನಿಜವಾಗಿಯೂ ಸಿಟ್ಟಾಗಲಿಲ್ಲ. ಕೆಮ್ಮಿನಿಂದ ಹರಡುವ ರೋಗ, ಔಷಧ ಮೈಗೆ ಹತ್ತುವ ತನಕ ದೂರವಿರಿ ಎಂದು ದವಾಖಾನೆಯಲ್ಲೂ ಹೇಳಿದ್ದರು. ಆದರೆ ಗುಣವಾಗುವ ರೋಗಕ್ಕೇ ಹೊಸ ತಾಟು ಬಂದರೆ, ತಾನು ಇನ್ನೊಂದರ ಹೆಸರು ಹೇಳಿದ ಮೇಲೆ ಈ ಮನೆಯ ಹೊಸಿಲು ತುಳಿಯಬಹುದೇ? ರೊಟ್ಟಿ ಮುರಿದು ಬಾಯಿಗಿಟ್ಟ. ಅಕ್ಕ ಎಳ್ಳು ಹಚ್ಚಿ ಬಡಿದ ರೊಟ್ಟಿ. ಅವನಿಗೆ ಸೇರುತ್ತದೆಂದೇ ಮಾಡಿದ್ದಳು. ಅವಳ ಪ್ರೀತಿಯಲ್ಲಿ ಏನೂ ಕಡಿಮೆಯಿರಲಿಲ್ಲ. ಅದಕ್ಕೇ ಹೇಳಲಾಗಲಿಲ್ಲ. ಉಂಡು, ತಾಟು ತಾನೇ ತೊಳೆದಿಟ್ಟು, ಸಂಜೆಯ ಬಸ್ಸಿಗೆ ತಿರುಗಿ ಬಂದ.

ಇನ್ನು ಬಬಲೇಶ್ವರ. ಜೋಡಿಗೆ ಬಾ ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ. ಹೋಗಬೇಕಾಗಿದ್ದದ್ದು ಬೇರೆ ಕಾರಣಕ್ಕೆ: ಅವಳ ರಕ್ತ ನೋಡಬೇಕು ಎಂದಿದ್ದರಲ್ಲ. ತನ್ನಿಂದ ಅವಳಿಗೂ ಬಂದಿದ್ದರೆ ಎಂಬ ಯೋಚನೆ ಅವನನ್ನು ಹೊಲಿಗೆ ಮೆಷಿನ್ನಿನ ಮುಂದೆ ಕೂರಗೊಡಲಿಲ್ಲ. ಎರಡು ದಿನ ಬಸ್ ಸ್ಟ್ಯಾಂಡಿನ ತನಕ ಹೋಗಿ ತಿರುಗಿ ಬಂದ. ಮೂರನೆಯ ದಿನ ಹತ್ತಿದ.

ಸುರೈಯಾ ಹೊರಗಿನ ಕಟ್ಟೆಯ ಮೇಲೆ ಕೂತು ಗಾಜಿನ ಬಳೆಗಳನ್ನು ದಾರಕ್ಕೆ ಪೋಣಿಸುತ್ತಿದ್ದಳು. ಕೂದಲು ಅಲ್ಲಲ್ಲಿ ನೆರೆತಿತ್ತು, ಉಳಿದಂತೆ ಮೈತುಂಬಿಕೊಂಡು ಗಟ್ಟಿಯಾಗಿದ್ದಳು. ಅವನನ್ನು ಕಂಡು ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಗುರುತು ಸಿಕ್ಕ ಮೇಲೆ ಕೈಯಲ್ಲಿದ್ದ ಬಳೆಗಳನ್ನು ಕೆಳಗಿಟ್ಟಳು.

"ಯಾಕ ಬಂದ್ರಿ?"

"ಒಂದ ಮಾತು ಹೇಳೂದೈತಿ. ಒಳಗ ಬರಲೇನು?"

ಬಳೆಗಳನ್ನು ಎತ್ತಿಕೊಂಡು ಒಳಗೆ ಬಂದು ಚಾಪೆ ಹಾಸಿದಳು, ನೀರು ಕೊಟ್ಟಳು. ಅವನು ನೀರು ಮುಟ್ಟಲಿಲ್ಲ. ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಹಾರಿಹೋಗಿದ್ದವು. ನೆಲ ನೋಡುತ್ತ, "ನನಗ ಟಿ.ಬಿ. ಆಗೇತಿ. ಅದರ ಸಂಗಾಟ ಎಚ್.ಐ.ವಿ.ನೂ ಐತಂತ. ನಿನ್ನ ರಕ್ತ ನೋಡಬೇಕು ಅಂದಾರ. ತಪ್ಪು ನಂದು. ಮೀರಜದಾಗ..." ಅಂದು ನಿಲ್ಲಿಸಿದ.

ಸುರೈಯಾ ಅಳಲಿಲ್ಲ, ಕೂಗಲೂ ಇಲ್ಲ. ಎದ್ದು ಹೋಗಿ ಹೊರಬಾಗಿಲು ಹಾಕಿ ಬಂದು ಕೂತಳು.

"ನನಗ ಗೊತ್ತೈತ್ರಿ."

"ಏನ ಗೊತ್ತೈತಿ?"

"ನನಗೂ ಐತಿ. ನಾಕ ವರ್ಷ ಆತು. ಸೊಂಟಕ್ಕ ಸರ್ಪಸುತ್ತು ಎದ್ದಿತ್ತು, ಡಾಕ್ಟರು ರಕ್ತ ತಗಿಸಿದ್ರು. ಅವತ್ತಿನಿಂದ ಗುಳಿಗಿ ತಗೊಳ್ಳಾಕತ್ತೇನಿ. ವಿಜಯಪುರಕ್ಕ ಬರ್ತೀನಿ, ಅಲ್ಲೀ ಸರಕಾರಿ ದವಾಖಾನಿಗೇ."

ಯುನುಸನಿಗೆ ಮೊದಲು ಅರ್ಥವಾಗಲಿಲ್ಲ. ನಾಲ್ಕು ವರ್ಷ ಅವಳು ಅದೇ ಊರಿಗೆ ಬಂದು ಹೋಗಿದ್ದಾಳೆ, ಅವನ ಓಣಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ಕೂತು ಔಷಧ ತೆಗೆದುಕೊಂಡಿದ್ದಾಳೆ.

"ಮತ್ತ ನನಗ್ಯಾಕ ಹೇಳಲಿಲ್ಲ?"

"ಗಂಡನ್ನ ಕರ್ಕೊಂಡ ಬಾ, ಪರೀಕ್ಷಾ ಮಾಡೂಣು ಅಂದ್ರು ಮೇಡಂ. ಗಂಡ ಇಲ್ಲ, ತೀರಿಕೊಂಡಾನ ಅಂತ ಹೇಳಿದೆ." ಅವಳ ದನಿ ಏರಲಿಲ್ಲ. "ಅವತ್ತ ನನ್ನ ಎದಿಯಾಗ ನೀವು ಹಂಗ ಆಗಿದ್ರಿ."

ಯುನುಸನಿಗೆ ಸಿಟ್ಟು ಬಂತು. ಇವಳು ಅಂದು ಒಂದು ಮಾತು ಹೇಳಿದ್ದರೆ ತಾನು ಅಂದೇ ಔಷಧ ಶುರುಮಾಡುತ್ತಿದ್ದೆ, ಟಿ.ಬಿ. ಬರುತ್ತಿರಲಿಲ್ಲವೋ ಏನೋ. ಹಾಗೆ ಹೇಳಲು ಬಾಯಿ ತೆರೆದ, ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಬಾಗಿದಾಗ ಸುರೈಯಾ ಎದ್ದು ಕಿಟಕಿ ತೆರೆದಳು. ದೂರ ಸರಿಯಲಿಲ್ಲ. ಅವನ ಬೆನ್ನ ಮೇಲೆ ಕೈಯಿಟ್ಟು ಕೂತಳು. ಕೆಮ್ಮು ಇಳಿಯಿತು, ಸಿಟ್ಟೂ ಅದರ ಜೊತೆ ಇಳಿಯಿತು. ಹೇಳದೆ ಇದ್ದವರು ಇಬ್ಬರೂ.

"ತಪ್ಪು ಮಾಡೀನಿ ಅಂತ ನನಗೂ ಗೊತ್ತೈತ್ರಿ," ಅಂದಳು. "ಆಮ್ಯಾಲ ಆಮ್ಯಾಲ ಅನಸ್ತಿತ್ತು, ಹೋಗಿ ಹೇಳಬೇಕು ಅಂತ. ನಿಮ್ಮ ಓಣಿ ಬಾಯಿತನಕ ಒಂದ ಸಲ ಬಂದಿದ್ದೆ. ಮೆಷಿನ್ ಸಪ್ಪಳ ಕೇಳಿಸ್ತು. ಆರಾಮ ಅದಾರ, ದುಡ್ಯಾಕತ್ತಾರ ಅಂತ ತಿಳ್ಕೊಂಡು ಹೊಳ್ಳಿ ಹೋದೆ."

ಅವನು ಮುಟ್ಟದೆ ಇಟ್ಟಿದ್ದ ನೀರು ಕುಡಿದ. ಆಮೇಲೆ ಜೋಡಿಗೊಬ್ಬರು ಬೇಕೆಂದ ಸಂಗತಿ ಹೇಳಿದ, ಅದನ್ನೂ ಸುದ್ದಿ ಹೇಳಿದಂತೆ ಹೇಳಿದ, ಕೇಳಿದಂತೆ ಅಲ್ಲ. ಸುರೈಯಾ ಬಳೆಗಳ ದಾರಕ್ಕೆ ಗಂಟು ಹಾಕುತ್ತ, "ಯಾವತ್ತ ಹೋಗೂದೈತಿ?" ಎಂದಳು.

ದವಾಖಾನೆಯವರು ಹೇಳಿದ್ದ ದಿನ ಇಬ್ಬರೂ ಒಟ್ಟಿಗೆ ಕೋಣೆಯ ಒಳಗೆ ಹೋದಾಗ ವಿದ್ಯಾವತಿ ಅವನನ್ನು ನೋಡಿದರು, ಅವಳನ್ನು ನೋಡಿದರು. ಗುರುತಿನ ಮಾತೇನೂ ಆಡದೆ "ಬರ್ರಿ, ಕೂಡ್ರಿ" ಎಂದಷ್ಟೇ ಅಂದರು. ಸುರೈಯಾಳೇ ಬುರಖಾದ ಮುಖಪರದೆ ಎತ್ತಿದಳು.

"ಮೇಡಂ, ಇವರು ನಮ್ಮನಿಯವರು. ಅವತ್ತ ಇಲ್ಲ ಅಂತ ಹೇಳಿದ್ದೆ. ಅದಾರ್ರಿ."

"ಇರಲಿ ಬಿಡವಾ. ಈಗ ಬಂದೀರಲ್ಲ."

"ಜೋಡಿಗೆ ಯಾರೂ ಇಲ್ಲಾಂದ್ರ ಗುಳಿಗಿ ಕೊಡಂಗಿಲ್ಲ ಅಂದಿದ್ರಲ್ರಿ," ಎಂದ ಯುನುಸ.

ವಿದ್ಯಾವತಿ ಕನ್ನಡಕ ತೆಗೆದರು. "ಯಾರೂ ಇಲ್ಲಾಂದ್ರ ಒಬ್ಬರ ಬರ್ರಿ, ಔಷಧ ಏನೂ ನಿಲ್ಲಂಗಿಲ್ಲ ಅಂತ ಅವತ್ತ ಹೇಳಿದ್ದೆನ್ರಿ. ನಿಮಗ ಕೇಳಿಸಿರಲಿಕ್ಕಿಲ್ಲ. ರೋಗದ ಹೆಸರು ಕೇಳಿದ ದಿನ ಯಾರಿಗೂ ಎಲ್ಲಾ ಕೇಳಸಂಗಿಲ್ಲ. ಅದಕ್ಕ ಇವತ್ತ ಮತ್ತ ಮೊದಲಿಂದ ಹೇಳ್ತೀನಿ, ತಿಳೀಲಿಲ್ಲ ಅಂದ್ರ ನಡುವ ತಡೀರಿ."

ಮೊದಲಿನಿಂದ ಹೇಳಿದರು. ಮೈಗೆ ಕಾವಲುಗಾರರಂತೆ ಇರುವ ಕಣಗಳನ್ನು ಈ ವೈರಸ್ಸು ತಿನ್ನುತ್ತದೆ. ಕಾವಲು ಕಡಿಮೆಯಾದಾಗ ಟಿ.ಬಿ.ಯಂಥದು ಒಳಗೆ ನುಗ್ಗುತ್ತದೆ. ಗುಳಿಗೆ ವೈರಸ್ಸನ್ನು ಮಲಗಿಸುತ್ತದೆ, ಕೊಲ್ಲುವುದಿಲ್ಲ. ತಪ್ಪಿಸುತ್ತ ತಪ್ಪಿಸುತ್ತ ತೆಗೆದುಕೊಂಡರೆ ಅದು ಗುಳಿಗೆಯನ್ನೇ ಸೋಲಿಸುವುದನ್ನು ಕಲಿಯುತ್ತದೆ. ದಿನಾ ರಾತ್ರಿ ಊಟವಾದ ಮೇಲೆ ಒಂದು, ಟಿ.ಬಿ. ಔಷಧ ಇರುವ ತನಕ ಮುಂಜಾನೆ ಇನ್ನೊಂದು ಸಣ್ಣದು, ಯಾಕೆಂದರೆ ಟಿ.ಬಿ. ಔಷಧ ಇದರ ಬಲ ಕುಗ್ಗಿಸುತ್ತದೆ. ಹೊಟ್ಟೆಯುರಿಗೆಂದು ಯಾವುದೋ ಅಂಗಡಿಯ ಗುಳಿಗೆ ನುಂಗಬಾರದು, ಕೇಳಿ ತೆಗೆದುಕೊಳ್ಳಬೇಕು. ಮುಟ್ಟಿದರೆ, ಒಂದೇ ತಾಟಿನಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಬರೀ ಮಲಗಿದರೆ ಎಚ್.ಐ.ವಿ. ಹರಡುವುದಿಲ್ಲ.

"ಸುರುವಾತಿಗೆ ಕೆಲವ್ರಿಗೆ ಜ್ವರ ಬರ್ತದ, ಗಂಟು ಏಳ್ತದ. ಗುಳಿಗಿ ಬಿಡಬ್ಯಾಡ್ರಿ, ಇಲ್ಲಿಗೆ ಬರ್ರಿ. ಇದೊಂದ ಮಾತು ಮರೀಬ್ಯಾಡ್ರಿ."

ಯುನುಸ ಕೇಳುವುದಕ್ಕಿಂತ ಹೆಚ್ಚು ಸುರೈಯಾಳ ಮುಖ ನೋಡುತ್ತಿದ್ದ. ಈ ಪಾಠವನ್ನೆಲ್ಲ ಅವಳು ಒಬ್ಬಳೇ, ಇದೇ ಕುರ್ಚಿಯಲ್ಲಿ ಕೂತು ಕೇಳಿದ್ದಳು. ಹೊರಗೆ ಬಂದ ಮೇಲೆ ಅವಳೂ ಒಂದು ಹೇಳಿದಳು: "ಬಳಿ ಇಡಸೂ ಮುಂದ ಒಮ್ಮೊಮ್ಮೆ ಗಾಜು ಒಡೀತೈತಿ. ಒಂದ ಸಲ ನನ್ನ ಬೆರಳು ಕೊಯ್ತು. ಎದ್ದು ಓಡಿ ಮನಿಗೆ ಬಂದು ಕದ ಹಾಕ್ಕೊಂಡೆ, ಮುಂದ ಎಷ್ಟೋ ದಿನ ಯಾರ ಕೈನೂ ಮುಟ್ಟಲಿಲ್ಲ. ಕಡೀಕ ಮೇಡಂಗ ಕೇಳಿದೆ. ಬಳಿಯಿಂದ ಏನೂ ಆಗಂಗಿಲ್ಲ, ಕೊಯ್ದ್ರ ಪಟ್ಟಿ ಕಟ್ಕೊಂಡು ಕೆಲಸ ಮಾಡು ಅಂದ್ರು. ಕೇಳಿದ್ರ ಹೇಳ್ತಾರ್ರಿ. ಕೇಳದ ಕೂಡಬ್ಯಾಡ್ರಿ."

ಬಬಲೇಶ್ವರದ ಬಸ್ಸು ಬಂತು. ಅವಳು ಹತ್ತಿ ಹೋದಳು.

ಗುಳಿಗೆ ಶುರುವಾಯಿತು. ಮೊದಲ ವಾರಗಳಲ್ಲಿ ತಲೆ ತಿರುಗಿತು, ಕೆಟ್ಟ ಕನಸು ಬಿದ್ದವು, ಆಮೇಲೆ ಮೈಗೆ ಹೊಂದಿತು. ಅಷ್ಟರಲ್ಲಿ ಕುತ್ತಿಗೆಯಲ್ಲಿ ಒಂದು ಗಂಟು ಎದ್ದಿತು. ದಿನದಿಂದ ದಿನಕ್ಕೆ ಅದು ದೊಡ್ಡದಾಯಿತು, ಬಿಟ್ಟುಹೋಗಿದ್ದ ಜ್ವರ ಮತ್ತೆ ಬಂತು. ಮಧ್ಯಾಹ್ನ ಅರಳೆಯ ಮೂಟೆಯ ಮೇಲೆಯೇ ಮಲಗಿದವನಿಗೆ ಈ ಗುಳಿಗೆಯೇ ತನ್ನನ್ನು ತಿನ್ನುತ್ತಿದೆ ಅನ್ನಿಸಿತು. ನುಂಗದೆ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಕೇಳುವವರಾರು? ಓಣಿಯಲ್ಲಿ ಜನ ಓಡಾಡುತ್ತಿದ್ದರು, ಯಾರೋ ನಗುತ್ತಿದ್ದರು. ಬಾಗಿಲು ತೆರೆದೇ ಇತ್ತು, ಒಬ್ಬರೂ ಇಣುಕಲಿಲ್ಲ. ಅವನು ಫೋನು ತೆಗೆದು ಸುರೈಯಾಳಿಗೆ ಹಚ್ಚಿದ.

"ನಿಲ್ಲಸಬ್ಯಾಡ್ರಿ," ಅಂದಳು, ಅವನ ಮಾತು ಮುಗಿಯುವ ಮೊದಲೇ. "ಮೇಡಂ ಹೇಳಿದ್ರಲ್ಲ. ನಾಳೆ ಮುಂಜಾನಿ ಹೋಗ್ರಿ."

"ನೀ ಬರ್ತಿಯೇನು?"

ಆ ಕಡೆ ಬಳೆಗಳ ಸದ್ದು ಕೇಳಿಸಿತು. "ನಾಳೆ ಸಂತಿ ಐತ್ರಿ ಇಲ್ಲಿ," ಎಂದಳು.

ಅವನು ಒಬ್ಬನೇ ಹೋದ. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ನಡುವೆ ಎರಡು ಕಡೆ ಕೂತು ದಣಿವಾರಿಸಿಕೊಂಡು ಹೋದ. ಡಾಕ್ಟರು ಗಂಟು ಮುಟ್ಟಿ ನೋಡಿದರು, ಪರೀಕ್ಷೆ ಮಾಡಿಸಿದರು. ಮಲಗಿದ್ದ ಕಾವಲು ಎದ್ದು ಈಗ ಟಿ.ಬಿ.ಯ ಜೊತೆ ಬಡಿದಾಡುತ್ತಿದೆ, ಅದಕ್ಕೆ ಈ ಜ್ವರ, ಈ ಗಂಟು ಎಂದರು. ಬೇರೊಂದು ಔಷಧ ಸೇರಿಸಿದರು. ವಿದ್ಯಾವತಿ ಅವನು ಒಬ್ಬನೇ ಬಂದದ್ದನ್ನು ನೋಡಿದರು, ಏನೂ ಕೇಳಲಿಲ್ಲ. "ಗುಳಿಗಿ ಬಿಡದ ಬಂದ್ರಿ. ಚಲೋ ಮಾಡಿದ್ರಿ," ಎಂದರು. ಯುನುಸನಿಗೆ ಯಾಕೋ ಕಣ್ಣು ತುಂಬಿ ಬಂತು. ಮುಖ ತಿರುಗಿಸಿ ಎದ್ದ.

ಗಂಟು ಕರಗಿತು. ಬೇಸಿಗೆಯ ಹೊತ್ತಿಗೆ ಟಿ.ಬಿ. ಔಷಧ ಮುಗಿಯಿತು, ಸ್ವಲ್ಪ ದಿನಕ್ಕೆ ಮುಂಜಾನೆಯ ಸಣ್ಣ ಗುಳಿಗೆಯೂ ನಿಂತಿತು. ಇನ್ನೊಂದು ರಕ್ತಪರೀಕ್ಷೆ ಮಾಡಿದರು. "ವೈರಸ್ಸು ಯಂತ್ರಕ್ಕ ಸಿಗದಷ್ಟು ಕಡಿಮಿ ಆಗ್ಯಾವ್ರಿ," ಎಂದರು ವಿದ್ಯಾವತಿ. "ಹೋಗಿಲ್ಲ ಮತ್ತ, ಮಲಗ್ಯಾವ ಅಷ್ಟ. ಹಿಂಗ ಇದ್ರ ಹಾಸಿಗಿಯಾಗ ಕೂಡಿದ್ರೂ ಬ್ಯಾರೇದವರಿಗೆ ಹರಡಂಗಿಲ್ಲ. ಬಿಟ್ರ ಮತ್ತ ಏಳ್ತಾವ." ಆ ಸುದ್ದಿಯನ್ನು ಹೇಳಲು ಅವನಿಗೆ ಲೋಕದಲ್ಲಿ ಒಬ್ಬಳೇ ಇದ್ದಳು. ಫೋನು ಹಚ್ಚಿ ಹೇಳಿದ. ಹೇಳುತ್ತ ಹೇಳುತ್ತ, ಬಾಯಿ ತಡೆಯದೆ, ಮನೆಗೆ ಬಾ ಎಂದೂ ಅಂದ.

"ಇಲ್ರಿ," ಅಂದಳು ಸುರೈಯಾ. ಸಿಟ್ಟಿರಲಿಲ್ಲ ದನಿಯಲ್ಲಿ. "ಒಬ್ಬಾಕಿ ಇರೂದನ್ನ ಭಾಳ ಕಷ್ಟದಾಗ ಕಲ್ತೀನಿ. ಈಗ ಅದನ್ನ ಬಿಡಾಕ ಹೆದರಿಕಿ ಆಗ್ತೈತಿ. ಫೋನ್ ಮಾಡ್ಕೋತ ಇರ್ರಿ."

ಅವನು ಫೋನು ಮಾಡುತ್ತಿದ್ದ. ಆರಾಮಾ, ಉಂಡ್ರೇನು, ಗುಳಿಗಿ ಆತೇನು. ಅದಕ್ಕಿಂತ ಹೆಚ್ಚಿಗೆ ಇಬ್ಬರಿಗೂ ಮಾತು ಬರುತ್ತಿರಲಿಲ್ಲ.

ಮುಂದಿನ ಮದುವೆಯ ಹಂಗಾಮಿನಲ್ಲಿ ಬಬಲೇಶ್ವರದ ಒಂದು ಮನೆಯಿಂದ ಕರೆ ಬಂತು. ಮಗಳ ಮದುವೆಗೆ ಗಾದಿ, ದಿಂಬು, ಎಲ್ಲ ಅಲ್ಲೇ ಮಾಡಿಕೊಡಬೇಕು. ಯುನುಸ ಅರಳೆಯ ಮೂಟೆ, ಸೂಜಿ, ದಾರ ತೆಗೆದುಕೊಂಡು ಹೋಗಿ ಮಾಳಿಗೆಯ ಮೇಲೆ ಕೂತ. ಮಧ್ಯಾಹ್ನಕ್ಕೆ ಕೆಳಗೆ ಹೆಂಗಸರ ಗದ್ದಲವಾಯಿತು. ಬಗ್ಗಿ ನೋಡಿದರೆ ಅಂಗಳದಲ್ಲಿ ಸುರೈಯಾ. ಮದುಮಗಳ ಕೈಯನ್ನು ತನ್ನ ಮೊಣಕಾಲ ಮೇಲಿಟ್ಟುಕೊಂಡು, ಗೆಣ್ಣುಗಳನ್ನು ಒತ್ತಿ ಮೆತ್ತಗೆ ಮಾಡಿ, ಹಸಿರು ಬಳೆಗಳನ್ನು ಒಂದೊಂದಾಗಿ ಏರಿಸುತ್ತಿದ್ದಳು. ಹುಡುಗಿ ನೋವಿಗೆ ಕಣ್ಣು ಮುಚ್ಚುತ್ತಿದ್ದಳು, ಬಳೆ ಏರಿದಾಗ ನಗುತ್ತಿದ್ದಳು. ಸುತ್ತಲಿನ ಹೆಂಗಸರು ಹಾಡುತ್ತಿದ್ದರು. ಸುರೈಯಾ ಮೇಲೆ ನೋಡಲಿಲ್ಲ.

ಊಟದ ಹೊತ್ತಿಗೆ ಮೆಟ್ಟಿಲು ಹತ್ತಿ ಅವಳೇ ಅವನ ತಾಟು ತಂದಳು. ಬಿಸಿಲಿಗೆ ಹರವಿದ್ದ ಅರಳೆಯ ಆಚೆ ನಿಂತು, ತಾಟನ್ನು ಅಂಚಿನ ಗಿಡ್ಡ ಗೋಡೆಯ ಮೇಲಿಟ್ಟಳು.

"ಮೈ ತುಂಬಿಕೊಂಡೀರಿ," ಅಂದಳು.

"ಹೂಂ. ನೀ ಉಂಡ್ಯೇನು?"

"ಕೆಳಗ ಉಣ್ತೀನಿ, ಹೆಂಗಸರ ಸಂಗಾಟ."

ಇನ್ನೇನಾದರೂ ಹೇಳುವಳೆಂದು ಅವನು ಸೂಜಿ ಹಿಡಿದು ಕಾದ. ಅವಳೂ ಅದನ್ನೇ ಕಾಯುತ್ತಿದ್ದಳೋ ಏನೋ. ಕೆಳಗಿನಿಂದ ಯಾರೋ ಬಳೆಗಾರ್ತಿಯನ್ನು ಕೂಗಿದರು. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಇಳಿದು ಹೋದಳು. ಯುನುಸ ಉಂಡು ಕೈತೊಳೆದುಕೊಂಡು, ಎರಡು ಜನ ಮಲಗುವ ದೊಡ್ಡ ಗಾದಿಯ ಗವಸಿಗೆ ಅರಳೆ ತುಂಬತೊಡಗಿದ.